ಹುರುಳಿ ಪ್ರೋಟೀನೂ ಖಾಲಿ ಫ್ಲಾಸ್ಕೂ

ನಮ್ಮೂರು ಹೊಸದುರ್ಗದ ಕಡೆ. ಮಳೆ ಕೈಕೊಟ್ಟ ವರ್ಷ ಬೇರೇನೂ ಕೈಗೆ ಹತ್ತದಿದ್ದರೂ ಹುರುಳಿ ಒಂದಷ್ಟು ಆಗುತ್ತದೆ. ಎತ್ತಿಗೂ ಅದೇ, ನಮಗೂ ಅದೇ. ಬೆಂದ ಕಾಳು ಎತ್ತಿಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಬೆಂಗಳೂರಿನ ಒಂದು ಲ್ಯಾಬಿಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ವಾರವೇ ಮೇಡಂ ಕರೆದು, "ನೀನು ಹುರುಳಿ ಮೇಲೆ ಕೆಲಸ ಮಾಡು" ಅಂದರು. ನನಗೆ ನಗು ಬಂತು. ಹುರುಳಿಯಿಂದ ತಪ್ಪಿಸಿಕೊಳ್ಳೋಕೆ ಅಂತಲೇ ಎಂ.ಎಸ್ಸಿ. ಮಾಡಿ ಇಷ್ಟು ದೂರ ಬಂದಿದ್ದೆ.

ಕೆಲಸ ಕೇಳೋಕೆ ಸುಲಭವಾಗಿತ್ತು. ಹುರುಳಿಯಲ್ಲಿರುವ ಒಂದು ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಮಾಡಿಸಿ, ಶುದ್ಧ ಮಾಡಿ, ಪಕ್ಕದ ಬೆಂಚಿನವರಿಗೆ ಕೊಡಬೇಕು. ಅವರು ತೊಗರಿಯ ಕಾಯಿಕೊರಕ ಹುಳುವಿನ ಹೊಟ್ಟೆಯ ಟ್ರಿಪ್ಸಿನ್ ಮೇಲೆ ಕೆಲಸ ಮಾಡುತ್ತಿದ್ದರು. ಹುಳುವಿನ ಮೇವಿನಲ್ಲಿ ನನ್ನ ಪ್ರೋಟೀನು ಬೆರೆಸಿ, ಅದರ ಜೀರ್ಣಶಕ್ತಿಗೆ ಏನಾಗುತ್ತದೆ ಅಂತ ನೋಡುವುದು ಅವರ ಲೆಕ್ಕಾಚಾರ. ನಾಲ್ಕು ತಿಂಗಳು ಸಾಕು ಅಂತ ಮೇಡಂ ಹೇಳಿದ್ದರು. ಒಂಬತ್ತು ತಿಂಗಳು ಹಿಡಿಯಿತು. ಹೆರಿಗೆಗೆ ಹೋದವಳ ಹಾಗೆ ಆಯ್ತಲ್ಲೇ ಅಂತ ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಪ್ರೋಟೀನ್ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ನಾವು ತಿಂದ ಪ್ರೋಟೀನನ್ನು ಕತ್ತರಿಸುವ ಎನ್‌ಝೈಮುಗಳಿಗೆ ಪ್ರೋಟಿಯೇಸ್ ಅಂತ ಹೆಸರು. ಟ್ರಿಪ್ಸಿನ್ ಅದರಲ್ಲಿ ಒಂದು. ಕಾಳುಗಳು ತಮ್ಮನ್ನು ತಿನ್ನಲು ಬಂದವರ ಟ್ರಿಪ್ಸಿನ್ನಿಗೆ ಅಡ್ಡಗಾಲು ಹಾಕುವ ಪುಟ್ಟ ಪ್ರೋಟೀನುಗಳನ್ನು ಇಟ್ಟುಕೊಂಡಿರುತ್ತವೆ. ಅವೇ ಪ್ರೋಟಿಯೇಸ್ ಇನ್ಹಿಬಿಟರ್. ಹಸಿ ಸೋಯಾ ತಿಂದ ಇಲಿಗಳು ಸರಿಯಾಗಿ ಬೆಳೆಯುವುದಿಲ್ಲ, ಬೇಯಿಸಿ ಕೊಟ್ಟರೆ ಬೆಳೆಯುತ್ತವೆ ಅಂತ ಅಮೆರಿಕದಲ್ಲಿ ಆಸ್‌ಬಾರ್ನ್ ಮತ್ತು ಮೆಂಡೆಲ್ 1917ರಲ್ಲೇ ಕಂಡುಕೊಂಡಿದ್ದರು. 1946ರಲ್ಲಿ ಬೌಮನ್, 1961ರಲ್ಲಿ ಇಸ್ರೇಲಿನ ಯೆಹುದಿತ್ ಬರ್ಕ್ ಸೋಯಾದಿಂದ ಅಂಥ ಒಂದು ಇನ್ಹಿಬಿಟರನ್ನು ಬಿಡಿಸಿ ತೋರಿಸಿದರು. ಆ ಇಡೀ ಕುಟುಂಬಕ್ಕೆ ಬೌಮನ್-ಬರ್ಕ್ ಇನ್ಹಿಬಿಟರ್ ಅಂತಲೇ ಹೆಸರು ಉಳಿಯಿತು. ಹುರುಳಿಯದ್ದೂ ಅದೇ ಕುಟುಂಬ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯಲ್ಲಿ ಲಲಿತಾ ಗೌಡ ಮತ್ತು ಅವರ ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಾನು ಓದಿದ್ದರಲ್ಲಿ ಅರ್ಧ ಅವರ ಪೇಪರುಗಳೇ.

ಈ ಪ್ರೋಟೀನಿಗೆ ಎರಡು ತಲೆ. ಒಂದು ತಲೆ ಟ್ರಿಪ್ಸಿನ್ನನ್ನು ಹಿಡಿಯುತ್ತದೆ, ಇನ್ನೊಂದು ಕೈಮೋಟ್ರಿಪ್ಸಿನ್ನನ್ನು. ಹಿಡಿಯುವ ರೀತಿಯೂ ಚೆನ್ನಾಗಿದೆ. ತಾನೇ ಆಹಾರ ಅನ್ನುವ ಹಾಗೆ ಒಂದು ಕೊಂಡಿಯನ್ನು ಎನ್‌ಝೈಮಿನ ಬಾಯಿಗೆ ಕೊಡುತ್ತದೆ. ಎನ್‌ಝೈಮ್ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿ ತುಪ್ಪದ ಕಥೆ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಹುರುಳಿ ಕಾಳಿನಿಂದಲೇ ತೆಗೆಯಬಹುದಲ್ಲ, ಬ್ಯಾಕ್ಟೀರಿಯಾ ಯಾಕೆ ಅಂತ ನಾನೂ ಕೇಳಿದ್ದೆ. ಕಾಳಿನಲ್ಲಿ ಇದರ ಅಣ್ಣತಮ್ಮಂದಿರು ಹಲವರಿದ್ದಾರೆ. ಸ್ವಲ್ಪ ಸ್ವಲ್ಪ ಬೇರೆ. ತೆಗೆದರೆ ಎಲ್ಲವೂ ಕಲಬೆರಕೆಯಾಗಿ ಬರುತ್ತವೆ. ಒಂದೇ ಒಂದು ಬಗೆ ಬೇಕು, ನಾಳೆ ಅದರಲ್ಲಿ ಒಂದು ಅಮೈನೋ ಆಮ್ಲ ಬದಲಿಸಿ ನೋಡಬೇಕು ಅಂದರೆ ಜೀನ್ ನಮ್ಮ ಕೈಯಲ್ಲಿರಬೇಕು. ಆ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಬ್ಯಾಕ್ಟೀರಿಯಾದೊಳಗೆ ಬಿಟ್ಟು ಪ್ರೋಟೀನ್ ಮಾಡಿಸುವುದು. ರೀಕಾಂಬಿನಂಟ್ ಅಂದರೆ ಇಷ್ಟೇ.

ನಮ್ಮ ಪ್ರೋಟೀನು 76 ಅಮೈನೋ ಆಮ್ಲದ್ದು. ಜೀನ್ ಅಂದರೆ ಬರೀ 228 ಅಕ್ಷರ. ಇಷ್ಟು ಚಿಕ್ಕದು ಅಂತ ನನಗೆ ಧೈರ್ಯ. ಜೀನನ್ನು ಹೊರಗೆ ಬರೆಸಿ ತರಿಸಿದೆವು. ಕೊರಿಯರ್‌ನಲ್ಲಿ ಬಂದ ಟ್ಯೂಬ್ ಖಾಲಿ ಅನಿಸುವಂತಿತ್ತು. ಬೆಳಕಿಗೆ ಹಿಡಿದರೆ ತಳದಲ್ಲಿ ಒಣಗಿದ ಎಂಜಲಿನ ಗುರುತಿನ ಹಾಗೆ ಏನೋ ಒಂಚೂರು.

ಅದನ್ನು ಬರೆಸುವ ಮೊದಲೇ ಒಂದು ತಪ್ಪು ಮಾಡುವವಳಿದ್ದೆ. ಶುದ್ಧ ಮಾಡಲು ಸುಲಭವಾಗಲಿ ಅಂತ ಪ್ರೋಟೀನಿಗೆ ಆರು ಹಿಸ್ಟಿಡಿನ್‌ಗಳ ಬಾಲ ಕಟ್ಟುತ್ತಾರೆ. ನಿಕಲ್ ಇರುವ ಕಾಲಮ್ಮಿಗೆ ಆ ಬಾಲ ಅಂಟಿಕೊಳ್ಳುತ್ತದೆ. ನಾನು ಅದನ್ನು ಕೊನೆಯ ತುದಿಗೆ ಕಟ್ಟಿ ಡಿಸೈನ್ ಮಾಡಿದ್ದೆ. ನಮ್ಮ ಸೀನಿಯರ್ ದಾವಣಗೆರೆಯವರು, ಮಾತು ಕಡಿಮೆ. ಕಂಪ್ಯೂಟರ್ ಪರದೆ ನೋಡಿ, "ಆ ತುದಿ ಮುಟ್ಟಬೇಡ ಮಾರಾಯ್ತಿ, 2004ರ ಪೇಪರ್ ಓದು" ಅಂದು ಹೋದರು. ಓದಿದೆ. ಹುರುಳಿಯ ಈ ಇನ್ಹಿಬಿಟರ್ ಒಂಟಿಯಾಗಿ ಇರುವುದಿಲ್ಲ, ಜೋಡಿಯಾಗಿ ಇರುತ್ತದೆ. ಜೋಡಿ ಕಟ್ಟುವುದಕ್ಕೆ ಕೊನೆಯ ತುದಿಯ 76ನೇ ಆಸ್ಪಾರ್ಟಿಕ್ ಆಮ್ಲವೇ ಮುಖ್ಯ ಅಂತ ಮೈಸೂರಿನವರು ಅದರಲ್ಲಿ ತೋರಿಸಿದ್ದರು. ಕಾಳು ಮೊಳಕೆ ಒಡೆದಾಗ ಕೊನೆಯ ನಾಲ್ಕು ಅಮೈನೋ ಆಮ್ಲ ಕತ್ತರಿಸಿ ಹೋಗುತ್ತವೆ. ಆಗ ಜೋಡಿ ಬಿಟ್ಟು ಒಂಟಿಯಾಗುತ್ತದೆ. ಮೊಳಕೆ ಕಾಳಿನ ಉಸಲಿ ತಿನ್ನುವಾಗಲೆಲ್ಲ ಈಗ ಇದು ನೆನಪಾಗುತ್ತದೆ. ಬಾಲವನ್ನು ಮುಂದಿನ ತುದಿಗೆ ಹಾಕಿದೆ. ಬಾಲ ಮುಂದಿರುವ ಪ್ರಾಣಿ.

ಜುಲೈನಲ್ಲಿ ಮೊದಲ ಕಲ್ಚರ್ ಹಾಕಿದೆ. ಸಾಮಾನ್ಯವಾಗಿ ಎಲ್ಲರೂ ಬಳಸುವ ಬಿಎಲ್21 ಅನ್ನುವ ಇ. ಕೋಲಿ, 37 ಡಿಗ್ರಿ, ಶೇಕರ್‌ನಲ್ಲಿ ಗಿರಗಿರ. ಬೆಳೆದು ಒಂದು ಮಟ್ಟಕ್ಕೆ ಬಂದಾಗ ಐಪಿಟಿಜಿ ಹಾಕಿದರೆ ಬ್ಯಾಕ್ಟೀರಿಯಾ ನಮ್ಮ ಜೀನನ್ನು ಓದಲು ಶುರು ಮಾಡುತ್ತದೆ. ಮೂರು ಗಂಟೆ ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೋಶಗಳನ್ನು ಕೆಳಗೆ ಕೂರಿಸಿ, ಬಫರ್ ದ್ರಾವಣದಲ್ಲಿ ಕದಡಿ, ಐಸಿನ ಮೇಲೆ ಸೋನಿಕೇಟರ್‌ನ ಶಬ್ದದ ಅಲೆಗಳಿಂದ ಒಡೆದೆ. ಮತ್ತೆ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಂಡೆ.

ಈಗ ಪರೀಕ್ಷೆ. ಟ್ರಿಪ್ಸಿನ್ನಿಗೆ ಬಾಪ್ನಾ ಅನ್ನುವ ಬಣ್ಣವಿಲ್ಲದ ರಾಸಾಯನಿಕ ಕೊಟ್ಟರೆ ಅದನ್ನು ಕತ್ತರಿಸುತ್ತದೆ. ಕತ್ತರಿಸಿದರೆ ಹಳದಿ ಬಣ್ಣ ಬರುತ್ತದೆ. 410 ನ್ಯಾನೋಮೀಟರ್‌ನಲ್ಲಿ ಅಳೆಯುವುದು. ಹಳದಿ ಬಂದರೆ ಟ್ರಿಪ್ಸಿನ್ ಬಿಡುವಾಗಿದೆ, ಬರದಿದ್ದರೆ ಯಾರೋ ಹಿಡಿದಿದ್ದಾರೆ. ಟ್ರಿಪ್ಸಿನ್ನನ್ನು ಮಾತ್ರ ಆಮ್ಲದಲ್ಲಿ ಕರಗಿಸಿ ಇಟ್ಟಿರಬೇಕು. ಇಲ್ಲದಿದ್ದರೆ ಅದು ತನ್ನನ್ನೇ ತಿಂದುಕೊಳ್ಳುತ್ತದೆ. ಇಂಥ ಎನ್‌ಝೈಮಿನ ಜೊತೆ ಕೆಲಸ.

ನನ್ನ ತಿಳಿ ಹಾಕಿದ ಟ್ಯೂಬು ಹಳದಿಯಾಗಲೇ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನೀರಿನ ಹಾಗೆ ನಿರ್ಮಲ. ಮೊದಲ ಸಲಕ್ಕೇ ಕೆಲಸ ಆಯ್ತು! ಅಮ್ಮನಿಗೆ ಫೋನ್ ಮಾಡಿದೆ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ. ಶುಕ್ರವಾರದ ಲ್ಯಾಬ್ ಮೀಟಿಂಗಿನಲ್ಲಿ ದೊಡ್ಡ ಗ್ರಾಫ್ ತೋರಿಸಿದೆ.

ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. "ಖಾಲಿ ವೆಕ್ಟರ್ ಎಲ್ಲಮ್ಮಾ?"

ಖಾಲಿ ವೆಕ್ಟರ್ ಅಂದರೆ ಅದೇ ಬ್ಯಾಕ್ಟೀರಿಯಾ, ಅದೇ ಪ್ಲಾಸ್ಮಿಡ್, ಆದರೆ ನಮ್ಮ ಜೀನ್ ಇಲ್ಲ. ಅದನ್ನೂ ಬೆಳೆಸಿ, ಒಡೆದು, ಅಳೆಯಬೇಕು. ಅದು ಹಳದಿಯಾಗಬೇಕು. ನಾನು ಮಾಡಿರಲಿಲ್ಲ. ಸೋಮವಾರ ಮಾಡಿದೆ. ಖಾಲಿಯದ್ದೂ ನೀರಿನ ಹಾಗೇ ಇತ್ತು.

ಕಾರಣ ಗೊತ್ತಾಗಲು ಎರಡು ದಿನ ಹಿಡಿಯಿತು. ಗೊತ್ತಾದ ಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ನಕ್ಕೆ. ಕೋಶ ಒಡೆಯುವಾಗ ಬ್ಯಾಕ್ಟೀರಿಯಾದ ಪ್ರೋಟಿಯೇಸ್‌ಗಳು ನಮ್ಮ ಪ್ರೋಟೀನನ್ನು ಕತ್ತರಿಸದಿರಲಿ ಅಂತ ಬಫರ್‌ಗೆ ಪಿಎಮ್‌ಎಸ್‌ಎಫ್ ಹಾಕುವುದು ಎಲ್ಲ ಲ್ಯಾಬುಗಳ ಅಭ್ಯಾಸ. ಪಿಎಮ್‌ಎಸ್‌ಎಫ್ ಅಂದರೆ ಏನು? ಪ್ರೋಟಿಯೇಸ್ ಇನ್ಹಿಬಿಟರ್! ಟ್ರಿಪ್ಸಿನ್ನನ್ನೂ ಚೆನ್ನಾಗಿ ಕೊಲ್ಲುತ್ತದೆ. ಇನ್ಹಿಬಿಟರ್ ಇದೆಯಾ ಅಂತ ಹುಡುಕುವ ನೀರಿಗೆ ನಾನೇ ಇನ್ಹಿಬಿಟರ್ ಸುರಿದಿದ್ದೆ. ಪ್ರೋಟೋಕಾಲ್ ಹಾಳೆಯಲ್ಲಿ ಬರೆದಿತ್ತು, ಹಾಕಿದೆ. ಅಡುಗೆ ಪುಸ್ತಕ ನೋಡಿ ಪಾಯಸಕ್ಕೆ ಒಗ್ಗರಣೆ ಹಾಕಿದಂತೆ.

ಪಿಎಮ್‌ಎಸ್‌ಎಫ್ ನೀರಿನಲ್ಲಿ ಜಾಸ್ತಿ ಹೊತ್ತು ಬಾಳುವುದಿಲ್ಲ, ಪಿಎಚ್ 8ರಲ್ಲಿ, 25 ಡಿಗ್ರಿಯಲ್ಲಿ ಅರ್ಧ ಗಂಟೆ ಚಿಲ್ಲರೆಯಲ್ಲೇ ಅರ್ಧ ಹಾಳಾಗುತ್ತದೆ. ಆದರೆ ನಾನು ಎಲ್ಲವನ್ನೂ ಐಸಿನ ಮೇಲೆ ಇಟ್ಟು ಅದನ್ನು ಜೋಪಾನ ಮಾಡಿದ್ದೆ.

ಅವತ್ತಿನಿಂದ ಎರಡನೇ ಫ್ಲಾಸ್ಕು ನನ್ನ ಹಿಂದೆ ಬರತೊಡಗಿತು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಕನ್ನಡದಲ್ಲಿ "ಖಾಲಿ" ಅಂತ ಬರೆದೆ. ಲ್ಯಾಬಿನ ತಮಿಳು ಹುಡುಗ, ಒಡಿಶಾದ ಹುಡುಗಿ, ಎಲ್ಲರೂ ಅದನ್ನು ಖಾಲಿ ಅಂತಲೇ ಕರೆಯತೊಡಗಿದರು. "ಯುವರ್ ಖಾಲಿ ಈಸ್ ಇನ್ ದ ಶೇಕರ್." ಎರಡು ಪಟ್ಟು ಕೆಲಸ, ಎರಡು ಪಟ್ಟು ಮೀಡಿಯಾ, ಎರಡು ಪಟ್ಟು ತೊಳೆಯುವುದು. ಅದರಿಂದ ಬರುವುದು ಮಾತ್ರ ಏನೂ ಇಲ್ಲ. ಏನೂ ಬರದಿರಲಿ ಅಂತಲೇ ಅದನ್ನು ಬೆಳೆಸುವುದು.

ಪಿಎಮ್‌ಎಸ್‌ಎಫ್ ಬಿಟ್ಟು ಮತ್ತೆ ಮಾಡಿದೆ. ಈ ಸಲ ಒಂದು ಉಪಾಯವೂ ಹೊಳೆದಿತ್ತು. ಅಜ್ಜಿಯ ಕಟ್ಟಿನ ಸಾರು. ಬೌಮನ್-ಬರ್ಕ್ ಇನ್ಹಿಬಿಟರ್ ಗಟ್ಟಿ ಪಿಂಡ. ಶುದ್ಧ ಮಾಡಿದ್ದನ್ನು ಕುದಿಯುವ ನೀರಿನಲ್ಲಿಟ್ಟರೂ ಬಹಳ ಹೊತ್ತು ಜಗ್ಗುವುದಿಲ್ಲ. ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿದರೆ ಹೆಚ್ಚಿನ ಪಾಲು ಹೋಗುತ್ತದೆ ಅನ್ನುವುದು ಬೇರೆ ಮಾತು, ಸಾರು ತಿನ್ನುವವರು ಹೆದರಬೇಕಿಲ್ಲ. ಹಾಗಾದರೆ ಬ್ಯಾಕ್ಟೀರಿಯಾದ ತಿಳಿಯನ್ನು 90 ಡಿಗ್ರಿಗೆ ಹತ್ತು ನಿಮಿಷ ಇಟ್ಟರೆ? ಮಿಕ್ಕ ಪ್ರೋಟೀನುಗಳೆಲ್ಲ ಬೆಂದು ಕೆಳಗೆ ಕೂರುತ್ತವೆ, ನನ್ನದು ಮಾತ್ರ ಕಟ್ಟಿನಲ್ಲಿ ಉಳಿಯುತ್ತದೆ.

ಹಾಗೇ ಮಾಡಿದೆ. ಹಾಲು ಒಡೆದ ಹಾಗೆ ಟ್ಯೂಬಿನ ತುಂಬ ಬಿಳಿ ಗಸಿ. ತಿರುಗಿಸಿ ತಿಳಿ ಬಸಿದೆ. ಅಳೆದೆ. ನನ್ನದು ಬಿಳಿಚಿಕೊಂಡಿತ್ತು, ಹಳದಿ ತುಂಬ ಕಡಿಮೆ. ಖಾಲಿಯ ಟ್ಯೂಬ್ ನೋಡಿದೆ. ಅದೂ ಬಿಳಿಚಿಕೊಂಡಿತ್ತು.

ಮೊದಲು ಟ್ಯೂಬ್ ಅದಲುಬದಲಾಗಿದೆ ಅಂದುಕೊಂಡೆ. ಮೂರು ಸಲ ಮಾಡಿದೆ. ಮೂರು ಸಲವೂ ಅದೇ. ಖಾಲಿಗೆ ತಪ್ಪು ಪ್ಲಾಸ್ಮಿಡ್ ಹಾಕಿದ್ದೀನಾ ಅಂತ ಪ್ಲಾಸ್ಮಿಡ್ ತೆಗೆದು ನೋಡಿದೆ. ಸರಿಯಾಗೇ ಇತ್ತು. ಬಫರ್ ಮಾತ್ರ ಹಾಕಿ ನೋಡಿದೆ. ಹಳದಿ ಬಂತು, ಅಂದರೆ ಬಫರ್ ನಿರಪರಾಧಿ. ಪ್ರೋಟೀನುಗಳನ್ನು ತೂಕದ ಮೇಲೆ ಬಿಡಿಸಿ ಪಟ್ಟೆಗಳಾಗಿ ತೋರಿಸುವ ಜೆಲ್ ಓಡಿಸಿದೆ. ನನ್ನ ಸಾಲಿನಲ್ಲಿ 16 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಒಂದು ಬ್ಯಾಂಡ್. ಹುರುಳಿಯ ಇನ್ಹಿಬಿಟರ್‌ನ ನಿಜವಾದ ತೂಕ ಎಂಟೂವರೆ ಕಿಲೋಡಾಲ್ಟನ್. ಆದರೆ ಜೋಡಿ ಕಟ್ಟಿಕೊಳ್ಳುವುದರಿಂದ ಜೆಲ್ಲಿನಲ್ಲಿ 16ರ ಹತ್ತಿರ ಕಾಣುತ್ತದೆ ಅಂತ ಓದಿದ್ದೆ. ಅಂದರೆ ಎಲ್ಲಿ ಇರಬೇಕೋ ಅಲ್ಲೇ ಇದೆ! ಆದರೆ ಪಕ್ಕದ ಸಾಲಿನಲ್ಲಿ, ಖಾಲಿಯಲ್ಲೂ, ಅಷ್ಟೇ ಎತ್ತರದಲ್ಲಿ ಅಂಥದ್ದೇ ಬ್ಯಾಂಡ್.

ಬ್ಯಾಂಡನ್ನು ಬ್ಲೇಡಿನಿಂದ ಕೊಯ್ದು, ಅದು ಯಾವ ಪ್ರೋಟೀನು ಅಂತ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕೊಟ್ಟೆವು. ಆ ಪರೀಕ್ಷೆಯಲ್ಲಿ ಪ್ರೋಟೀನನ್ನು ತುಂಡು ಮಾಡುವುದೂ ಟ್ರಿಪ್ಸಿನ್ನಿಂದಲೇ. ಟ್ರಿಪ್ಸಿನ್ ಇನ್ಹಿಬಿಟರನ್ನು ಟ್ರಿಪ್ಸಿನ್ನಿನಿಂದ ಕತ್ತರಿಸಬೇಕು. ಮೊದಲು ಅದನ್ನು ಬಿಗಿಯಾಗಿ ಹಿಡಿದಿಟ್ಟ ಗಂಧಕದ ಗಂಟುಗಳನ್ನೆಲ್ಲ ರಾಸಾಯನಿಕ ಹಾಕಿ ಬಿಚ್ಚಿ, ಮತ್ತೆ ಕಟ್ಟಿಕೊಳ್ಳದ ಹಾಗೆ ಮಾಡಿ ಕೊಡುತ್ತಾರೆ. ಹಲ್ಲು ಕಿತ್ತ ಹಾವು.

ಹನ್ನೊಂದು ದಿನದ ಮೇಲೆ ರಿಪೋರ್ಟ್ ಬಂತು. ಹುರುಳಿಯ ಸುಳಿವೇ ಇಲ್ಲ. ಬ್ಯಾಂಡಿನ ಹೆಸರು ಎಕೋಟಿನ್.

ಹೆಸರು ಕೇಳಿದ ತಕ್ಷಣ ಸೀನಿಯರ್ ಹಣೆ ಚಚ್ಚಿಕೊಂಡರು. ಇ. ಕೋಲಿಯ ಟ್ರಿಪ್ಸಿನ್ ಇನ್ಹಿಬಿಟರ್, ಅದಕ್ಕೇ ಎಕೋಟಿನ್. 1983ರಲ್ಲೇ ಕಂಡುಹಿಡಿದಿದ್ದಾರೆ. ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವೆ ಕೂತಿರುತ್ತದೆ. ತಾನಿರುವ ಕರುಳಿನ ಟ್ರಿಪ್ಸಿನ್ನಿನಿಂದ ಬ್ಯಾಕ್ಟೀರಿಯಾ ಬಚಾವಾಗಲು ಇಟ್ಟುಕೊಂಡಿರಬಹುದು ಅನ್ನುವ ಊಹೆಯೂ ಇದೆ. ಒಂದೊಂದು ಎಳೆಯ ತೂಕ ಸುಮಾರು 16 ಕಿಲೋಡಾಲ್ಟನ್. ಇನ್ನೂ ಒಂದು ವಿಷಯ: ನೂರು ಡಿಗ್ರಿಯಲ್ಲಿ ಅರ್ಧ ಗಂಟೆ ಕುದಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಅಜ್ಜಿಯ ಉಪಾಯದಿಂದ ನಾನು ಎಲ್ಲ ಕಸ ತೆಗೆದು, ಎಕೋಟಿನ್ ಅನ್ನು ಚೊಕ್ಕಟವಾಗಿ ಬಸಿದುಕೊಂಡಿದ್ದೆ. ಅದೇ ತೂಕ, ಅದೇ ಕೆಲಸ, ಅದೇ ಜಗ್ಗದ ಮೈ. ಬೇಕು ಅಂತ ವೇಷ ಹಾಕಿಕೊಂಡು ಬಂದರೂ ಇಷ್ಟು ಹೊಂದುತ್ತಿರಲಿಲ್ಲ. ಖಾಲಿ ಇಲ್ಲದಿದ್ದರೆ ನಾನು ಎಕೋಟಿನ್ನಿಗೆ ಹುರುಳಿ ಅಂತ ಹೆಸರಿಟ್ಟು ಪಕ್ಕದ ಬೆಂಚಿಗೆ ಕೊಟ್ಟುಬಿಡುತ್ತಿದ್ದೆ. ಹುಳುಗಳೂ ಸೊರಗುತ್ತಿದ್ದವೋ ಏನೋ, ಪೇಪರೂ ಬರುತ್ತಿತ್ತು. ನೆನೆದರೆ ಈಗಲೂ ಬೆವರು ಬರುತ್ತದೆ.

ಎಕೋಟಿನ್ ಜೀನ್ ತೆಗೆದುಹಾಕಿದ ಇ. ಕೋಲಿ ಸಿಗುವುದಿಲ್ವಾ? ಸಿಗುತ್ತದೆ. ಜಪಾನಿನ ಕೀಯೋ ಸಂಗ್ರಹದಲ್ಲಿ ಒಂದೊಂದು ಜೀನ್ ತೆಗೆದ ಇ. ಕೋಲಿಗಳು ಸುಮಾರು ನಾಲ್ಕು ಸಾವಿರ ಇವೆ. ಆದರೆ ಅವಕ್ಕೆ ಕನಮೈಸಿನ್ ಅನ್ನುವ ಆಂಟಿಬಯಾಟಿಕ್ ತಾಳಿಕೊಳ್ಳುವ ಗುಣ ಸೇರಿಸಿದ್ದಾರೆ. ನಮ್ಮ ಪ್ಲಾಸ್ಮಿಡ್ ಒಳಗೆ ಹೋಗಿದೆಯಾ ಅಂತ ಗುರುತಿಸಲು ನಾವು ಬಳಸುತ್ತಿದ್ದುದೂ ಕನಮೈಸಿನ್ನೇ. ನಮ್ಮ ಜೀನನ್ನು ಓದಲು ಬೇಕಾದ ಟಿ7 ಪಾಲಿಮರೇಸ್ ಕೂಡ ಅವುಗಳಲ್ಲಿ ಇಲ್ಲ. ಅಷ್ಟೆಲ್ಲ ತಿದ್ದುವ ಬದಲು ಬೇರೆ ದಾರಿ ನೋಡೋಣ ಅಂದರು ಮೇಡಂ.

ಅದಕ್ಕಿಂತ ದೊಡ್ಡ ಪ್ರಶ್ನೆ, ನನ್ನ ಪ್ರೋಟೀನು ಹೋಯ್ತೆಲ್ಲಿ? ನಾನು ಪ್ರತಿ ಸಲ ಎಸೆಯುತ್ತಿದ್ದ ಗಸಿಯಲ್ಲಿ. ಸೋನಿಕೇಟ್ ಮಾಡಿದ ಮೇಲೆ ತಳದಲ್ಲಿ ಕೂರುವ ಪೆಲೆಟ್ಟಿನಲ್ಲಿ, ಮುದ್ದೆಯಾಗಿ, ಸರಿಯಾದ ಆಕಾರಕ್ಕೆ ಮಡಚಿಕೊಳ್ಳದೆ, ಮಡಿಕೆ ಕೆಟ್ಟು ಬಿದ್ದಿತ್ತು.

ಇದಕ್ಕೆ ಕಾರಣ ಆ ಗಂಟುಗಳು. ಈ ಪುಟ್ಟ ಪ್ರೋಟೀನಿನಲ್ಲಿ ಹದಿನಾಲ್ಕು ಸಿಸ್ಟೀನ್. ಎರಡೆರಡು ಸೇರಿ ಏಳು ಗಂಧಕದ ಗಂಟು. ಅದರ ಗಟ್ಟಿತನವೆಲ್ಲ ಅದರಿಂದಲೇ. ಆದರೆ ಹದಿನಾಲ್ಕನ್ನು ಎರಡೆರಡು ಜೋಡಿ ಮಾಡಲು ಎಷ್ಟು ದಾರಿ ಇವೆ ಗೊತ್ತಾ? 1,35,135. ಅದರಲ್ಲಿ ಸರಿಯಾದದ್ದು ಒಂದೇ. ಲಕ್ಷ ಹುಡುಗರಲ್ಲಿ ಒಬ್ಬ ವರ. ಇ. ಕೋಲಿಯ ಒಡಲೊಳಗೆ ಇಂಥ ಗಂಟು ನಿಲ್ಲುವುದೇ ಇಲ್ಲ, ಕಟ್ಟಿದ್ದನ್ನೂ ಬಿಚ್ಚುವ ವಾತಾವರಣ ಅಲ್ಲಿಯದು. ಪೆಲೆಟ್ಟನ್ನು ಯೂರಿಯಾದಲ್ಲಿ ಕರಗಿಸಿ, ಗಂಟು ಸರಿಯಾಗಿ ಕಟ್ಟಿಕೊಳ್ಳಲು ನೆರವಾಗುವ ಗ್ಲುಟಥಯೋನ್ ಹಾಕಿ, ನಿಧಾನವಾಗಿ ಮತ್ತೆ ಮಡಿಸಲು ಎರಡು ವಾರ ಒದ್ದಾಡಿದೆ. ಪ್ರತಿ ಸಲ ಬೆಳಿಗ್ಗೆ ಬಂದು ನೋಡಿದರೆ ಬೀಕರಿನಲ್ಲಿ ಗಂಜಿ. ಅದರ ಬಗ್ಗೆ ಇಷ್ಟೇ ಸಾಕು.

ಅಕ್ಟೋಬರ್‌ನಲ್ಲಿ ಎಲ್ಲ ಬದಲಿಸಿದೆವು. ಶಫಲ್ ಅನ್ನುವ ಬೇರೆ ಬಗೆಯ ಇ. ಕೋಲಿ. ಗಂಟು ಬಿಚ್ಚುವ ಎರಡು ಜೀನ್‌ಗಳನ್ನು ಅದರಲ್ಲಿ ಕೆಡಿಸಿರುತ್ತಾರೆ. ತಪ್ಪು ಗಂಟನ್ನು ಬಿಚ್ಚಿ ಸರಿಯಾಗಿ ಕಟ್ಟುವ ಡಿಎಸ್‌ಬಿಸಿ ಅನ್ನುವ ಪ್ರೋಟೀನನ್ನು ಒಡಲೊಳಗೇ ಇರಿಸಿರುತ್ತಾರೆ. ನಮ್ಮ ಜೀನಿನ ಮುಂದೆ ಥಯೊರಿಡಾಕ್ಸಿನ್ ಅನ್ನುವ ಕರಗುವ ಗುಣದ ಪ್ರೋಟೀನನ್ನು ಜೋಡಿಸಿದೆವು, ಕೈಹಿಡಿದು ನಡೆಸಲಿ ಅಂತ. ನಡುವೆ ಒಂದು ಕತ್ತರಿಸುವ ಜಾಗ. ಶುದ್ಧವಾದ ಮೇಲೆ ಅಲ್ಲಿ ಕತ್ತರಿಸಿ ಬೇರೆ ಮಾಡಬೇಕು.

ಇಲ್ಲೂ ಒಂದು ತಮಾಷೆ. ಇಂಥ ಜೋಡಣೆಯನ್ನು ಕತ್ತರಿಸಲು ಸಾಮಾನ್ಯವಾಗಿ ಬಳಸುವ ಥ್ರಾಂಬಿನ್, ಎಂಟರೋಕೈನೇಸ್ ಎರಡೂ ಟ್ರಿಪ್ಸಿನ್ನಿನ ಬಳಗದವೇ. ಇನ್ಹಿಬಿಟರನ್ನು ಬಿಡಿಸಲು ಹೋದ ಕತ್ತರಿಯನ್ನು ಇನ್ಹಿಬಿಟರೇ ಹಿಡಿದುಕೊಂಡರೆ? ಆ ರಿಸ್ಕೇ ಬೇಡ ಅಂತ ಟಿಇವಿ ಪ್ರೋಟಿಯೇಸ್ ಆರಿಸಿದೆವು. ಅದು ಬೇರೆ ಜಾತಿಯದ್ದು, ಸಿಸ್ಟೀನ್ ಪ್ರೋಟಿಯೇಸ್. ಆದರೆ ಅದರ ಜೊತೆ ಡಿಟಿಟಿ ಹಾಕುವುದು ವಾಡಿಕೆ. ಡಿಟಿಟಿ ನಮ್ಮ ಏಳು ಗಂಟುಗಳನ್ನೂ ಬಿಚ್ಚಿಬಿಡುತ್ತದೆ. ಈ ಸಲ ಪ್ರೋಟೋಕಾಲ್ ಹಾಳೆಯನ್ನು ಕಣ್ಣು ಮುಚ್ಚಿ ನಂಬಲಿಲ್ಲ. ಡಿಟಿಟಿ ಬಿಟ್ಟು, ಗ್ಲುಟಥಯೋನಿನ ಎರಡೂ ರೂಪಗಳನ್ನು 3 ಮತ್ತು 0.3 ಮಿಲಿಮೋಲಾರ್‌ನಂತೆ ಹಾಕಿದೆ. ನಿಧಾನವಾಗಿ, ಆದರೆ ಕತ್ತರಿಸಿತು.

ಶಫಲ್ ಆಮೆಯ ಹಾಗೆ ಬೆಳೆಯುತ್ತದೆ. 30 ಡಿಗ್ರಿಯಲ್ಲಿ ಬೆಳಿಗ್ಗೆ ಶುರು ಮಾಡಿದರೆ ಐಪಿಟಿಜಿ ಹಾಕುವ ಹೊತ್ತಿಗೆ ಸಂಜೆ. ಆಮೇಲೆ 16 ಡಿಗ್ರಿಗೆ ಇಳಿಸಿ ರಾತ್ರಿಯಿಡೀ. ಎರಡು ಫ್ಲಾಸ್ಕು, ನನ್ನದು ಮತ್ತು ಖಾಲಿ. ಹಾಸ್ಟೆಲ್ಲಿಗೆ ಹೋಗುವಾಗ ಶೇಕರ್‌ನ ಗಾಜಿನಲ್ಲಿ ಇಣುಕಿ, ಎರಡಕ್ಕೂ ಗುಡ್‌ನೈಟ್ ಹೇಳುವ ಅಭ್ಯಾಸ ಯಾವಾಗ ಶುರುವಾಯ್ತೋ ಗೊತ್ತಿಲ್ಲ.

ಈ ಸಲ ನಿಕಲ್ ಕಾಲಮ್ಮಿನಿಂದ ಸುಮಾರು 25 ಕಿಲೋಡಾಲ್ಟನ್ ತೂಕದ ದಪ್ಪ ಬ್ಯಾಂಡ್ ಇಳಿಯಿತು. ಖಾಲಿಯಲ್ಲಿ ಅದು ಇರಲಿಲ್ಲ. ಬರೀ ಥಯೊರಿಡಾಕ್ಸಿನ್ ಕೆಳಗೆ ಇತ್ತು. ನಂಬಲಾಗದೆ ಜೆಲ್ಲಿನ ಫೋಟೋವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.

ಖುಷಿಯಲ್ಲಿ ಮಾಡಿದ ತಪ್ಪೇ ಮುಂದಿನದು. ಟಿಇವಿ ಹಾಕಿ, ಕಾಲಮ್ಮಿನಿಂದ ಪ್ರೋಟೀನು ಇಳಿಸಲು ಬಳಸಿದ್ದ ಇಮಿಡಝೋಲ್ ಹೋಗಲಿ ಅಂತ ಡಯಾಲಿಸಿಸ್ ಟ್ಯೂಬಿನಲ್ಲಿ ತುಂಬಿ, ಎರಡು ಲೀಟರ್ ಬಫರ್‌ನಲ್ಲಿ ಕೋಲ್ಡ್ ರೂಮಿನಲ್ಲಿಟ್ಟೆ. ಡ್ರಾಯರಿನಲ್ಲಿ ಕೈಗೆ ಸಿಕ್ಕ ಟ್ಯೂಬು. ಅದರ ರಂಧ್ರ 12ರಿಂದ 14 ಕಿಲೋಡಾಲ್ಟನ್. ಕತ್ತರಿಸಿದ ಮೇಲೆ ನನ್ನ ಪ್ರೋಟೀನು ಒಂಟಿಯಾದರೆ ಎಂಟೂವರೆ, ಜೋಡಿಯಾದರೆ 17. ರಾತ್ರಿಯೆಲ್ಲ ಅದು ಜೋಡಿ ಬಿಡುತ್ತಾ, ಕಟ್ಟುತ್ತಾ, ಬಿಟ್ಟಾಗಲೆಲ್ಲ ತೂತಿನಿಂದ ಆಚೆ ಜಾರಿದೆ. ಬೆಳಿಗ್ಗೆ ನಾನು ಹೊರಗಿನ ಬಫರನ್ನು ಸಿಂಕಿಗೆ ಸುರಿದು, ಟ್ಯೂಬಿನೊಳಗಿನದನ್ನು ಹುಷಾರಾಗಿ ಎತ್ತಿಟ್ಟೆ. ಮುಕ್ಕಾಲು ಪಾಲು ಪ್ರೋಟೀನು ಸಿಂಕಿನ ಪಾಲು. ಕಾಳು ಎಸೆದು ಸಿಪ್ಪೆ ಕಟ್ಟಿಕೊಂಡು ಬಂದ ಹಾಗೆ. ಸೀನಿಯರ್ ಏನೂ ಅನ್ನಲಿಲ್ಲ. ತಮ್ಮ ಡ್ರಾಯರಿನಿಂದ 3.5 ಕಿಲೋಡಾಲ್ಟನ್ ಟ್ಯೂಬಿನ ಸುರುಳಿ ತಂದು ನನ್ನ ಬೆಂಚಿನ ಮೇಲಿಟ್ಟು ಹೋದರು. ಅಷ್ಟು ಸಾಕಾಗಿತ್ತು.

ಮತ್ತೆ ಮೊದಲಿನಿಂದ. ಡಿಸೆಂಬರ್ ಬಂದಿತ್ತು. ಕತ್ತರಿಸಿದ ಮೇಲೆ ಎಲ್ಲವನ್ನೂ ಎರಡನೇ ಸಲ ನಿಕಲ್ ಕಾಲಮ್ಮಿಗೆ ಹಾಕಿದೆ. ಈಗ ಬಾಲ ಇರುವುದು ಥಯೊರಿಡಾಕ್ಸಿನ್ನಿಗೆ ಮತ್ತು ಟಿಇವಿಗೆ. ಅವು ಅಂಟಿಕೊಳ್ಳುತ್ತವೆ. ಬಾಲ ಕಳೆದುಕೊಂಡ ನನ್ನ ಪ್ರೋಟೀನು ಹಾಗೇ ಇಳಿದು ಬರುತ್ತದೆ. ಮೊದಲ ಸಲ ಕದ್ದು ಅಂಟಿಕೊಂಡು ಬಂದ ಕೋಲಿಯ ಪ್ರೋಟೀನುಗಳು ಈ ಸಲವೂ ಅಂಟಿಕೊಂಡು ಅಲ್ಲೇ ಉಳಿಯುತ್ತವೆ. ಕೊನೆಗೆ ಜೆಲ್ ಫಿಲ್ಟ್ರೇಷನ್. ಅಲ್ಲಿ ಗಾತ್ರದ ಮೇಲೆ ಬೇರೆಯಾಗುತ್ತದೆ. ಎಕೋಟಿನ್ ಕೂಡ ಜೋಡಿಯಾಗಿ ಇರುವ ಪ್ರೋಟೀನೇ, ಆದರೆ ಅದರ ಜೋಡಿ 32, ನನ್ನದು 17. ಜೆಲ್ಲಿನಲ್ಲಿ ಕಳ್ಳನೂ ಮನೆಯವನೂ ಒಂದೇ ಎತ್ತರ ಕಂಡಿದ್ದರು. ಇಲ್ಲಿ ಕಳ್ಳ ಮೊದಲೇ ಆಚೆ ಬಂದ.

ಎಷ್ಟು ಸಿಕ್ಕಿದೆ ಅಂತ ಅಳೆಯುವುದೂ ಸಲೀಸಲ್ಲ. ಪ್ರೋಟೀನಿನ ಪ್ರಮಾಣವನ್ನು 280 ನ್ಯಾನೋಮೀಟರ್‌ನಲ್ಲಿ ನೋಡುವುದು ರೂಢಿ. ಅಲ್ಲಿ ಬೆಳಕು ಹೀರುವುದು ಮುಖ್ಯವಾಗಿ ಟ್ರಿಪ್ಟೋಫಾನ್. ಬೌಮನ್-ಬರ್ಕ್ ಕುಟುಂಬದಲ್ಲಿ ಟ್ರಿಪ್ಟೋಫಾನ್ ಸಾಮಾನ್ಯವಾಗಿ ಇರುವುದೇ ಇಲ್ಲ. ಯಂತ್ರದ ಕಣ್ಣಿಗೆ ಟ್ಯೂಬು ಹೆಚ್ಚುಕಮ್ಮಿ ಖಾಲಿ. ಕೊನೆಗೆ ಟ್ರಿಪ್ಸಿನ್ನನ್ನೇ ತಕ್ಕಡಿ ಮಾಡಿಕೊಂಡೆವು. ಗೊತ್ತಿರುವಷ್ಟು ಟ್ರಿಪ್ಸಿನ್ ಇಟ್ಟು, ನನ್ನ ಪ್ರೋಟೀನನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದರೆ ಹಳದಿ ಒಂದೇ ಗೆರೆಯಲ್ಲಿ ಇಳಿಯುತ್ತದೆ. ಗೆರೆ ಸೊನ್ನೆ ಮುಟ್ಟುವ ಜಾಗದಲ್ಲಿ ಒಂದಕ್ಕೊಂದು ಸಮ. ಈ ಲೆಕ್ಕದಲ್ಲಿ ಕೆಲಸ ಮಾಡುವ ಪ್ರೋಟೀನು ಮಾತ್ರ ಎಣಿಕೆಗೆ ಬರುತ್ತದೆ, ಮಡಿಕೆ ಕೆಟ್ಟದ್ದು ಬರುವುದಿಲ್ಲ. ಒಂದು ಲೀಟರ್ ಕಲ್ಚರಿಗೆ ಎರಡು ಮಿಲಿಗ್ರಾಂಗೆ ಸ್ವಲ್ಪ ಕಡಿಮೆ ಸಿಕ್ಕಿತು. ಒಂದು ಚಿಟಿಕೆ ಉಪ್ಪಿಗಿಂತ ತುಂಬಾ ಕಡಿಮೆ. ಅಷ್ಟಕ್ಕೆ ಒಂಬತ್ತು ತಿಂಗಳು.

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಸೇರು ಹುರುಳಿ ಕಟ್ಟಿಸಿಕೊಂಡು ಬಂದಿದ್ದೆ. ಅದನ್ನು ಪುಡಿ ಮಾಡಿ, ಕಾಳಿನ ಅಸಲಿ ಇನ್ಹಿಬಿಟರ್ ತೆಗೆದು, ನನ್ನದರ ಪಕ್ಕದಲ್ಲಿಟ್ಟು ನೋಡುವುದು ಕೊನೆಯ ಪರೀಕ್ಷೆ. ಮಿಕ್ಕಿದ್ದರಲ್ಲಿ ಹಾಸ್ಟೆಲ್ಲಿನಲ್ಲಿ ಸಾರು ಮಾಡಿದೆವು. ಒಡಿಶಾದ ಹುಡುಗಿ ಮೂರು ಸಲ ಹಾಕಿಸಿಕೊಂಡಳು.

ಮಾರ್ಚ್ ಮೊದಲ ವಾರ. ಒಂದೇ ಸ್ಟ್ಯಾಂಡಿನಲ್ಲಿ ನಾಲ್ಕು ಟ್ಯೂಬು. ಬರೀ ಟ್ರಿಪ್ಸಿನ್, ಊರಿನ ಹುರುಳಿ, ನನ್ನ ಹುರುಳಿ, ಮತ್ತೆ ಖಾಲಿ. ಖಾಲಿಯೂ ಎಲ್ಲ ಕಾಲಮ್ಮುಗಳನ್ನು ಹತ್ತಿ ಇಳಿದು, ನನ್ನದು ಬಂದ ಜಾಗದಿಂದಲೇ ಹಿಡಿದು ಬಂದಿತ್ತು. ಬಾಪ್ನಾ ಹಾಕಿ ಟೈಮರ್ ಒತ್ತಿದೆ. ನನ್ನದನ್ನು ನಾನು ನೋಡಲೇ ಇಲ್ಲ. ಕಣ್ಣೆಲ್ಲ ಖಾಲಿಯ ಮೇಲೆ. ಎರಡನೇ ನಿಮಿಷಕ್ಕೆ ಅದರಲ್ಲಿ ಒಂದು ತೆಳು ಬಣ್ಣ ಬಂದ ಹಾಗಾಯಿತು. ಸುಮ್ನೆ ಭ್ರಮೆ ಅಂದುಕೊಂಡೆ. ಐದನೇ ನಿಮಿಷಕ್ಕೆ ಅನುಮಾನ ಉಳಿಯಲಿಲ್ಲ. ಹತ್ತನೇ ನಿಮಿಷಕ್ಕೆ ಖಾಲಿಯೂ ಬರೀ ಟ್ರಿಪ್ಸಿನ್ನೂ ಅವಳಿಜವಳಿ, ಎರಡೂ ಗಾಢ ಹಳದಿ. ನಡುವಿನ ಎರಡು ಹುರುಳಿಗಳು ಬಣ್ಣವಿಲ್ಲದೆ ನಿಂತಿದ್ದವು.

ಖಾಲಿಯ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದೇನೇ ಇದು, ಅರಿಶಿನದ ನೀರು? ನಿನ್ನ ಹುರುಳಿ ಎಲ್ಲಿ?"

"ಇದರಲ್ಲಿ ಇಲ್ಲಮ್ಮ" ಅಂದೆ. "ಅದಕ್ಕೇ ಕಳಿಸಿದ್ದು."